ಹತ್ತು ದಿನಕ್ಕೊಮ್ಮೆ ಒಂದು ಹಿಡಿಗಿಂತ ಕಡಿಮೆ: ಅಲಂಕಾರಿಕ ಶುಂಠಿಗಳಿಗೆ ಗೊಬ್ಬರ ಕೊಟ್ಟ ನನ್ನ ಅನುಭವ

ಸುರುಳಿ ಸುಗಂಧಿ ಶುಂಠಿ ಜಾತಿಯ ಹೂಗಿಡ. ಈ ಸಲ ನನ್ನ ಸುಗಂಧಿ ಮಡಿಯಲ್ಲಿ 60ಕ್ಕೂ ಜಾಸ್ತಿ ಹೂವಿನ ತೆನೆ ಬಂದಿವೆ. 60 ದಾಟಿದ ಮೇಲೆ ಎಣಿಸುವುದನ್ನು ಬಿಟ್ಟೆ. ಮೂರು ವರ್ಷದ ಹಿಂದೆ ಅದೇ ಮಡಿಯಲ್ಲಿ ಬಂದದ್ದು 11. ಮಣ್ಣು ಅದೇ, ನೆರಳು ಅದೇ, ನೀರೂ ಹೆಚ್ಚು ಕಡಿಮೆ ಅದೇ. ಬದಲಾಗಿದ್ದು ಗೊಬ್ಬರ ಕೊಡುವ ರೀತಿ ಮಾತ್ರ.

ಹತ್ತು ದಿನಕ್ಕೊಮ್ಮೆ ಗೊಬ್ಬರ ಕೊಡುತ್ತೇನೆ ಅಂದಾಗ ಗಿಡ ಬೆಳೆಸುವ ಗೆಳೆಯರೆಲ್ಲ ಬೇಡ ಅಂದಿದ್ದರು. "ಗಡ್ಡೆ ಜಾತಿ, ಕೊಳೆತು ಹೋಗುತ್ತೆ, ವರ್ಷಕ್ಕೆ ಎರಡು ಸಲ ಕೊಟ್ಟಿಗೆ ಗೊಬ್ಬರ ಹಾಕಿ ಸುಮ್ನೆ ಬಿಡು" ಅಂತ ಒಬ್ಬರು. "ಬರೀ ಎಲೆ ಬರುತ್ತೆ, ಹೂ ಬರಲ್ಲ" ಅಂತ ಇನ್ನೊಬ್ಬರು. ಎರಡೂ ಮಾತಿನಲ್ಲಿ ನಿಜ ಇದೆ. ಆ ಎರಡೂ ತಪ್ಪನ್ನು ನಾನೇ ಮಾಡಿ ನೋಡಿದ್ದೇನೆ. ಈಗ ಅವರಲ್ಲಿ ಮೂವರು ನನ್ನಿಂದಲೇ ಗಡ್ಡೆ ತೆಗೆದುಕೊಂಡು ಹೋಗಿದ್ದಾರೆ, ಅದು ನನಗೆ ತುಂಬಾ ಖುಷಿಯ ವಿಷಯ.

ಮೊದಲು ಹಾಳು ಮಾಡಿದ್ದನ್ನು ಹೇಳುತ್ತೇನೆ.

ಶುರುವಿನಲ್ಲಿ ನಾನು ಕ್ಯಾಲೆಂಡರ್ ನೋಡಿ ಗೊಬ್ಬರ ಹಾಕುತ್ತಿದ್ದೆ. ಮೂರು ತಿಂಗಳಿಗೊಮ್ಮೆ 17:17:17 ಹರಳು (ಸಾರಜನಕ, ರಂಜಕ, ಪೊಟ್ಯಾಷ್ ಶೇಕಡಾ ಎಷ್ಟಿದೆ ಅನ್ನುವ ಅಂಕಿ ಇವು), ಒಂದು ಬುಡಕ್ಕೆ 50-60 ಗ್ರಾಂ ಇರಬಹುದು. ತೂಕ ಮಾಡುತ್ತಿರಲಿಲ್ಲ, ಹಿಡಿ ಲೆಕ್ಕ. ಅದೂ ಸೀದಾ ದಂಟಿನ ಬುಡಕ್ಕೇ. ಸುಗಂಧಿಯ ಗಡ್ಡೆ ಮಣ್ಣಿನ ಮೇಲ್ಭಾಗದಲ್ಲೇ ಹರಡುವುದು ನಿಮಗೆ ಗೊತ್ತಲ್ವಾ, ಅರ್ಧ ಗಡ್ಡೆ ಹೊರಗೇ ಕಾಣುತ್ತದೆ. ಹರಳು ಆ ಗಡ್ಡೆಯ ಸಂದಿಯಲ್ಲಿ ಕೂತು ಅಲ್ಲೇ ಕರಗುತ್ತಿತ್ತು. ಎಲೆ ತುದಿ ಕಂದಾಯಿತು. ನೀರು ಕಡಿಮೆ ಆಗಿದೆ ಅಂದುಕೊಂಡು ಇನ್ನೂ ಜಾಸ್ತಿ ನೀರು ಬಿಟ್ಟೆ. ಒಂದು ದಿನ ಹಳದಿಯಾದ ದಂಟನ್ನು ಹಿಡಿದು ಎಳೆದರೆ ಸಲೀಸಾಗಿ ಕೈಗೆ ಬಂತು. ಬುಡ ಮೆತ್ತಗೆ, ಕಂದು ಬಣ್ಣ, ಗಡ್ಡೆಯ ಆ ಖಾರದ ವಾಸನೆ ಹೋಗಿ ಕೊಳೆತ ನಾತ. ಬೆರಳಿಂದ ಒತ್ತಿದರೆ ಒಳಗಿನ ತಿರುಳು ಲೋಳೆಯ ಹಾಗೆ ಜಾರುತ್ತಿತ್ತು. ಅವತ್ತು ಮಡಿಯ ಮೂರನೇ ಒಂದು ಭಾಗ ಅಗೆದು ಬಿಸಾಡಿದೆ.

ಆ ಎರಡು ವರ್ಷ ಗೊಬ್ಬರ, ಔಷಧಿಗೆ ಸುರಿದ ದುಡ್ಡು ಗಿಡ ಕೊಳ್ಳಲು ಕೊಟ್ಟದ್ದರ ಮೂರು ಪಟ್ಟು ಆಗಿರಬೇಕು. ಅದರಲ್ಲಿ 'ಹೂವಿಗೆ ವಿಶೇಷ' ಅಂತ ಬರೆದ ಒಂದು ಡಬ್ಬಿ ಇತ್ತು. ಮನೆಗೆ ತಂದು ಹಿಂದಿನ ಚೀಟಿ ಓದಿದರೆ ಮಾಮೂಲಿ 19:19:19, ಅದಕ್ಕೆ ಬಣ್ಣ ಸೇರಿಸಿದ್ದಾರೆ ಅಷ್ಟೇ. ಆ ಒಂದು ಡಬ್ಬಿ ದುಡ್ಡಿನಲ್ಲಿ ಬಿಡಿಯಾಗಿ ಸಿಗುವ ಗೊಬ್ಬರ ಎರಡು ವರ್ಷಕ್ಕೆ ಆಗುವಷ್ಟು ಬರುತ್ತಿತ್ತು. ಈಗ ಡಬ್ಬಿಯ ಮುಂಭಾಗದ ಚಿತ್ರ ನೋಡುವುದೇ ಇಲ್ಲ, ಹಿಂದಿನ ಮೂರು ಅಂಕಿ ಮಾತ್ರ ಓದುತ್ತೇನೆ.

ಎರಡನೇ ಪೆಟ್ಟು ಬೂದಿಯದು. ಪೊಟ್ಯಾಷ್ ಪುಕ್ಕಟೆ ಸಿಗುತ್ತೆ ಅಂತ ಕೆಂಪು ಗೊಂಚಲು ಬಿಡುವ ಇನ್ನೊಂದು ಅಲಂಕಾರಿಕ ಶುಂಠಿ, ಕೆಂಪು ಆಲ್ಪೀನಿಯಾಗೆ ಸೌದೆ ಬೂದಿ ಹಾಕಿದೆ. ಒಂದು ಸಲ ಅಲ್ಲ, ಏಳೆಂಟು ಸಲ. ಕೆಲವು ತಿಂಗಳಲ್ಲಿ ಹೊಸ ಎಲೆಗಳು ಬಿಳಿಚಿಕೊಂಡು ಬರತೊಡಗಿದವು. ನರ ಹಸಿರು, ನಡುವೆಲ್ಲ ತಿಳಿ ಹಳದಿ. ಮೆಗ್ನೀಸಿಯಂ ಕೊರತೆ ಅಂತ ಎಪ್ಸಮ್ ಉಪ್ಪು ಕೊಟ್ಟೆ. ಏನೂ ಆಗಲಿಲ್ಲ. ಮೆಗ್ನೀಸಿಯಂ ಕಡಿಮೆಯಾದರೆ ಹಳೇ ಎಲೆ ಮೊದಲು ಹಳದಿಯಾಗುತ್ತದೆ, ಕಬ್ಬಿಣ ಕಡಿಮೆಯಾದರೆ ಹೊಸ ಎಲೆ. ನನ್ನ ಗಿಡದಲ್ಲಿ ಬಿಳಿಚಿದ್ದು ಹೊಸ ಎಲೆ. ಬೂದಿಯಿಂದ ಮಣ್ಣಿನ ಹುಳಿ ಗುಣ ಹೋಗಿ ಕ್ಷಾರ ಜಾಸ್ತಿಯಾಗಿತ್ತು. ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರು ಎಳೆದುಕೊಳ್ಳಲು ಆಗುತ್ತಿರಲಿಲ್ಲ. ಬೂದಿ ನಿಲ್ಲಿಸಿ, ಎಲೆಗೊಬ್ಬರ ದಪ್ಪಗೆ ಹಾಕಿ, ಚೀಲೇಟೆಡ್ ಕಬ್ಬಿಣ (ಬೇರು ಸುಲಭವಾಗಿ ಎಳೆದುಕೊಳ್ಳುವ ರೂಪದ ಕಬ್ಬಿಣ) ಎರಡು ಸಲ ಬುಡಕ್ಕೆ ಕೊಟ್ಟ ಮೇಲೆ ಮೂರನೇ ಎಲೆಯಿಂದ ಬಣ್ಣ ಬಂತು. ಬಿಳಿಚಿದ ಹಳೇ ಎಲೆಗಳು ಪೂರ್ತಿ ಹಸಿರಾಗಲೇ ಇಲ್ಲ. ಹೊಸದನ್ನು ನೋಡಿಯೇ ತಿಳಿಯಬೇಕು.

ಮೂರನೆಯದು ನನಗೆ ಈಗಲೂ ಬೇಜಾರು. ಸಯಾಮ್ ಟ್ಯುಲಿಪ್ ಅನ್ನುವ, ಅರಿಶಿನದ ಜಾತಿಯ ಕುರ್ಕುಮಾ 14 ಗಡ್ಡೆ ತಂದಿದ್ದೆ, ಒಳ್ಳೆ ದುಡ್ಡು ಕೊಟ್ಟು. ಮೊದಲ ಸಲ ಚೆನ್ನಾಗಿ ಹೂ ಬಿಟ್ಟವು. ಆಮೇಲೆ ಎಲ್ಲ ಎಲೆಗಳೂ ಒಟ್ಟಿಗೆ ಹಳದಿಯಾದವು. ಹಸಿವು ಅಂದುಕೊಂಡೆ. ಗೊಬ್ಬರದ ನೀರು ಕೊಟ್ಟೆ, ಮತ್ತೆ ಕೊಟ್ಟೆ. ಅವು ನಿದ್ದೆಗೆ ಹೋಗುತ್ತಿದ್ದವು. ಹಗಲು ಚಿಕ್ಕದಾಗುತ್ತಾ ಬಂದಾಗ ಕುರ್ಕುಮಾ, ನೆಲಸಂಪಿಗೆ, ಗ್ಲೋಬಾ ಎಲ್ಲ ಎಲೆ ಬಿಟ್ಟು ಗಡ್ಡೆಯಲ್ಲಿ ಮಲಗುತ್ತವೆ. ಮಲಗಿದ ಗಡ್ಡೆಗೆ ನೀರೂ ಬೇಡ, ಗೊಬ್ಬರವೂ ಬೇಡ. 14ರಲ್ಲಿ 9 ಕೊಳೆತವು. ಉಳಿದ 5ರಿಂದ ಈಗ 40ರ ಹತ್ತಿರ ಮಾಡಿದ್ದೇನೆ. ಈಗ ಎಲೆ ಹಳದಿಯಾಗಲು ಶುರುವಾದ ಕೂಡಲೇ ಕುಂಡವನ್ನು ಮಳೆ ಬೀಳದ ಕಡೆ ಎತ್ತಿ ಇಡುತ್ತೇನೆ. ಮೊಳಕೆ ಒಂದು ಬೆರಳುದ್ದ ಆಗುವ ತನಕ ಒಂದು ಚಿಟಿಕೆ ಗೊಬ್ಬರವೂ ಇಲ್ಲ.

ಈಗ ಮಾಡುವುದು ಇಷ್ಟು. ಸುಗಂಧಿಯ ಹೊಸ ಹಿಳ್ಳು ಏಳುವಾಗ ಮಣ್ಣಿನಿಂದ ಒಂದು ಕೆಂಪು ಮಿಶ್ರಿತ ಚೂಪು ಮೂತಿ ಹೊರಗೆ ಬರುತ್ತದೆ. ಅದು ನನ್ನ ಗುರುತು. ಕ್ಯಾಲೆಂಡರ್ ಬಿಟ್ಟು ಆ ಮೂತಿ ನೋಡುತ್ತೇನೆ. ಅದು ಗೇಣುದ್ದ ಆದಾಗ ಮೊದಲ ಊಟ. ಬುಡದಿಂದ ಒಂದು ಗೇಣು ದೂರಕ್ಕೆ ಸುತ್ತಲೂ ಎರೆಗೊಬ್ಬರ, ಅದರ ಜೊತೆ ಬೇವಿನ ಹಿಂಡಿ. ಒಂದು ಬುಟ್ಟಿ ಎರೆಗೊಬ್ಬರಕ್ಕೆ ಎರಡು ಮೂರು ಹಿಡಿ ಹಿಂಡಿ. ಗಡ್ಡೆಯ ಮೇಲೆ ಏನೂ ಬೀಳಬಾರದು. ಆಹಾರ ಹುಡುಕಿಕೊಂಡು ಬೇರು ಹೊರಗೆ ಹೋಗಲಿ, ಗಡ್ಡೆಗೆ ಗಾಳಿ ಇರಲಿ.

ಅಲ್ಲಿಂದ ಹತ್ತು ಹನ್ನೊಂದು ದಿನಕ್ಕೊಮ್ಮೆ ನೀರಿನಲ್ಲಿ ಕರಗುವ ಗೊಬ್ಬರ. ಲೀಟರಿಗೆ ಒಂದು ಗ್ರಾಂ, ಅದಕ್ಕಿಂತ ಜಾಸ್ತಿ ಯಾವತ್ತೂ ಇಲ್ಲ. ಒಂದು ದೊಡ್ಡ ಬುಡಕ್ಕೆ ಮೂರು ನಾಲ್ಕು ಲೀಟರ್. ಅಂದರೆ ಒಂದು ಸಲಕ್ಕೆ ಮೂರು ನಾಲ್ಕು ಗ್ರಾಂ. ಇಡೀ ಸೀಸನ್ ಕೂಡಿದರೂ ನಾನು ಮುಂಚೆ ಒಂದೇ ಸಲ ಎಸೆಯುತ್ತಿದ್ದ ಆ ಹಿಡಿಯಷ್ಟೇ, ಇಲ್ಲವೇ ಅದಕ್ಕಿಂತ ಕಡಿಮೆ. ಅದನ್ನೇ ಹನ್ನೆರಡು ಹದಿನಾಲ್ಕು ತುತ್ತು ಮಾಡಿದ್ದೇನೆ. ಕೊಳೆಯುತ್ತೆ ಅಂದವರು ಎಷ್ಟು ಸಲ ಅಂತ ಮಾತ್ರ ಕೇಳಿದ್ದರು, ಎಷ್ಟು ಅಂತ ಕೇಳಲಿಲ್ಲ.

ಕೊಡುವ ಹಿಂದಿನ ದಿನ ಮಾಮೂಲಿ ನೀರು ಹಾಕುತ್ತೇನೆ. ಒಣ ಮಣ್ಣಿಗೆ ಗೊಬ್ಬರದ ನೀರು ಬಿದ್ದರೆ ಬೇರಿನ ತುದಿ ಸುಡುತ್ತದೆ. ಜೋರು ಮಳೆ ವಾರಗಟ್ಟಲೆ ಹಿಡಿದರೆ ಆ ಸರದಿ ಬಿಟ್ಟುಬಿಡುತ್ತೇನೆ, ಎಲ್ಲ ತೊಳೆದು ಹೋಗುತ್ತದೆ, ದುಡ್ಡು ದಂಡ.

ಇನ್ನು ಬರೀ ಎಲೆ ಬರುತ್ತೆ ಅನ್ನುವ ಮಾತು. ಒಂದು ವರ್ಷ ನನಗೂ ಹಾಗೇ ಆಯಿತು. ಕಡಲೆಕಾಯಿ ಹಿಂಡಿಯನ್ನು ಐದು ದಿನ ನೆನೆಹಾಕಿ, ಹತ್ತು ಪಟ್ಟು ನೀರು ಬೆರೆಸಿ ಕೊಡುತ್ತಾ ಹೋದೆ. ದಂಟು ನನ್ನ ತಲೆಗಿಂತ ಎತ್ತರ ಬೆಳೆದು ಗಾಳಿಗೆ ಮಲಗಿದವು. ತೆನೆ ಹತ್ತೋ ಹದಿನೈದೋ. ಎಲೆ ಬೆಳೆಸುವ ಸಾರಜನಕ ಹಿಂಡಿಯಲ್ಲಿ ಜಾಸ್ತಿ, ಅದನ್ನು ಕಡಿಮೆ ಮಾಡುವ ಹೊತ್ತು ನನಗೆ ಗೊತ್ತಿರಲಿಲ್ಲ. ಈಗ ಒಂದು ದಂಟಿನಲ್ಲಿ ಏಳೆಂಟು ಎಲೆ ಬಿಚ್ಚಿದ ಮೇಲೆ ಹಿಂಡಿ ನೀರು ಬಂದ್. ಅಲ್ಲಿಯವರೆಗೆ 19:19:19 ಮತ್ತು ಹಿಂಡಿ ನೀರು ಒಂದು ಬಿಟ್ಟು ಒಂದು. ಆಮೇಲೆ ಪೊಟ್ಯಾಷ್ ಜಾಸ್ತಿ ಇರುವ 13:0:45. ಕುಂಡದಲ್ಲಿ ಇರುವುದಕ್ಕೆ ಸಲ್ಫೇಟ್ ಆಫ್ ಪೊಟ್ಯಾಷ್ ಕೂಡ ಕೊಟ್ಟಿದ್ದೇನೆ, ಅದರಲ್ಲಿ ಕ್ಲೋರೈಡ್ ಇಲ್ಲದ ಕಾರಣ ಎಲೆ ಅಂಚು ಸುಡುವುದು ಕಡಿಮೆ. ತುದಿಯ ಎಲೆಯ ತೊಟ್ಟಿನ ಹತ್ತಿರ ಬೆರಳಿಂದ ಮೆಲ್ಲಗೆ ಒತ್ತಿ ನೋಡಿ. ಒಳಗೆ ಗಟ್ಟಿ ಉಂಡೆ ಸಿಕ್ಕಿದರೆ ತೆನೆ ಬಂತು ಅಂತ ಅರ್ಥ. ಆಗಿನಿಂದ ಎಲ್ಲ ಗೊಬ್ಬರ ನಿಲ್ಲಿಸಿ ಬರೀ ನೀರು. ಸುಗಂಧಿಗೆ ಆ ಹೊತ್ತಲ್ಲಿ ನೀರು ಮಾತ್ರ ತಪ್ಪಬಾರದು. ಒಣಗಿದರೆ ಮೊಗ್ಗು ತೆನೆಯ ಒಳಗೇ ಕಂದಿ ಹೋಗುತ್ತದೆ.

ಇದರ ಜೊತೆಗೆ ಇನ್ನೊಂದು ಇದೆ. ಗಡ್ಡೆ ನೆಡುವ ಮುಂಚೆ ಒಂದು ರಾತ್ರಿ ಒಂದು ನೀರಿನಲ್ಲಿ ಇಡುತ್ತೇನೆ. ಅದು ಯಾವ ನೀರು ಅಂತ ಸದ್ಯಕ್ಕೆ ಹೇಳುವುದಿಲ್ಲ. ಇನ್ನೂ ಎರಡು ಸೀಸನ್ ನೋಡಬೇಕು. 13:0:45 ಜೊತೆ ಬೆರೆಸುವ ಒಂದು ಚಿಟಿಕೆಯ ವಿಷಯವೂ ಹಾಗೇ, ನನ್ನ ಹತ್ತಿರವೇ ಇರಲಿ.

ಕುಂಡದವರಿಗೆ ಒಂದು ಮಾತು. ಅಂಚಿನಲ್ಲಿ ಬಿಳಿ ಪೊರೆ ಕಟ್ಟಿದ್ದರೆ ಅದು ಗೊಬ್ಬರದಿಂದ ಉಳಿದ ಉಪ್ಪು. ತಿಂಗಳಿಗೊಮ್ಮೆ ಬುಡದ ತೂತಿನಿಂದ ಧಾರೆಯಾಗಿ ಹರಿಯುವ ತನಕ ಬರೀ ನೀರು ಬಿಡಬೇಕು. ನಾನು ಇದನ್ನು ಒಂದು ವರ್ಷ ಮಾಡದೆ ಎರಡು ಒಳ್ಳೆ ಕೆಂಪು ಆಲ್ಪೀನಿಯಾ ಕಳೆದುಕೊಂಡೆ.

ಎಲ್ಲಕ್ಕೂ ಒಂದೇ ಲೆಕ್ಕ ನಡೆಯುವುದಿಲ್ಲ. ಕೆಂಪು ಆಲ್ಪೀನಿಯಾದಲ್ಲಿ ಎಲ್ಲ ವಯಸ್ಸಿನ ದಂಟೂ ಒಟ್ಟಿಗೆ ಇರುತ್ತವೆ, ಬೆಚ್ಚಗಿದ್ದರೆ ಅದು ಮಲಗುವುದೂ ಇಲ್ಲ. ಅದಕ್ಕೆ ಎಲೆ ಎಣಿಸಿ ಗೊಬ್ಬರ ಬದಲಿಸಲು ಹೋದರೆ ತಲೆ ಕೆಡುತ್ತದೆ. 19:19:19 ಮತ್ತು 13:0:45 ಎರಡನ್ನೂ ಒಂದಾದ ಮೇಲೊಂದು ಸಣ್ಣ ಸಣ್ಣದಾಗಿ ಕೊಡುತ್ತಾ ಹೋಗುತ್ತೇನೆ, ಚಳಿಯಲ್ಲಿ ಅಂತರ ಮೂರು ವಾರ.

ಕತ್ತರಿಯ ಕಥೆಯನ್ನೂ ಹೇಳಲೇಬೇಕು. ಸುಗಂಧಿಯ ಒಂದು ದಂಟು ಒಂದೇ ಸಲ ಹೂ ಬಿಡುವುದು. ಹೂ ಮುಗಿದ ದಂಟನ್ನು ಬುಡಕ್ಕೇ ಕತ್ತರಿಸುತ್ತೇನೆ, ಕತ್ತರಿಸಿದ್ದನ್ನು ತುಂಡು ಮಾಡಿ ಅದೇ ಮಡಿಗೆ ಹೊದಿಕೆ. ಈ ಅಭ್ಯಾಸ ಶೆಲ್ ಜಿಂಜರ್‌ಗೂ ಮಾಡಿಬಿಟ್ಟೆ. ಎಲೆಯಲ್ಲಿ ಹಳದಿ ಗೆರೆ ಇರುವ ಆಲ್ಪೀನಿಯಾ ಇದೆಯಲ್ಲ, ಅದು. ಪ್ರತಿ ವರ್ಷ ಚೊಕ್ಕ ಮಾಡಲು ಎಲ್ಲ ದಂಟನ್ನೂ ನೆಲಮಟ್ಟಕ್ಕೆ ಕತ್ತರಿಸಿದೆ. ಸತತ ಮೂರು ವರ್ಷ ಒಂದು ಹೂವೂ ಇಲ್ಲ. ಗೊಬ್ಬರ ಬದಲಿಸಿದೆ, ಜಾಗ ಬದಲಿಸಿದೆ. ಕೊನೆಗೆ ಗೊತ್ತಾಯಿತು, ಅದು ಹೂ ಬಿಡುವುದು ಹಿಂದಿನ ವರ್ಷ ಬೆಳೆದ ದಂಟಿನಲ್ಲಿ. ಒಂದು ವರ್ಷ ಕತ್ತರಿ ಮುಟ್ಟಿಸಲಿಲ್ಲ. ಮುಂದಿನ ಸಲ ಮುತ್ತಿನ ಸರದ ಹಾಗೆ ಆರು ಗೊಂಚಲು ಜೋತು ಬಿದ್ದವು. ಆ ದಿನ ಮನೆಯವರನ್ನೆಲ್ಲ ಹೊರಗೆ ಕರೆದು ತೋರಿಸಿದ್ದೆ.

ಪಕ್ಕದ ಪ್ರಯೋಗಗಳೂ ಇವೆ. ಕೆಂಪು ಆಲ್ಪೀನಿಯಾದ ಹಳೇ ಗೊಂಚಲಿನಲ್ಲಿ ಕೆಂಪು ಪಕಳೆಗಳ ಸಂದಿಯಿಂದ ಸಣ್ಣ ಮರಿಗಳು ಮೊಳೆಯುತ್ತವೆ. ಇಡೀ ಗೊಂಚಲನ್ನು ಒದ್ದೆ ಮರಳಿನ ಮೇಲೆ ಮಲಗಿಸಿ ನೋಡಿದೆ. 20 ಮರಿಯಲ್ಲಿ 14ರಷ್ಟು ಬೇರು ಬಿಟ್ಟವು. ಮೊದಲ ಹೂ ನೋಡಲು ಎರಡು ವರ್ಷದ ಹತ್ತಿರ ಬೇಕಾಯಿತು. ಗಡ್ಡೆ ಒಡೆದು ನೆಟ್ಟರೆ ಇದಕ್ಕಿಂತ ಬೇಗ. ಆದರೂ ಪುಕ್ಕಟೆ ಸಿಕ್ಕ ಗಿಡಗಳು. ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರನ್ನೂ ಒಂದು ಸಾಲಿಗೆ ಕೊಟ್ಟು, ಇನ್ನೊಂದು ಸಾಲಿಗೆ ಬರೀ ನೀರು ಕೊಟ್ಟು ಹೋಲಿಸಿದೆ. ನನಗೆ ಒಂದು ತೆನೆಯ ವ್ಯತ್ಯಾಸವೂ ಕಾಣಲಿಲ್ಲ, ಗುಂಗಾಡು ಮಾತ್ರ ಬಂದವು. ಸಿಪ್ಪೆ ಕಾಂಪೋಸ್ಟಿಗೇ ಹೋಗಲಿ.

ಟಾರ್ಚ್ ಜಿಂಜರ್ ನನ್ನನ್ನು ಜಾಸ್ತಿ ಕಾಯಿಸಿದ ಗಿಡ. ಅರ್ಧ ಡ್ರಮ್ಮಿನಲ್ಲಿ ಮೂರು ವರ್ಷ ಇಟ್ಟೆ. ಎಲೆ ಬಂತು, ಹೂ ಇಲ್ಲ. ಕಳೆದ ಸಲ ನೆಲಕ್ಕೆ ಇಳಿಸಿದೆ, ಸುತ್ತ ಎರಡು ಮಾರು ಜಾಗ ಬಿಟ್ಟು. ಅದರ ಹೂ ಎಲೆ ದಂಟಿನ ತುದಿಯಲ್ಲಿ ಬರುವುದಿಲ್ಲ. ಎಲೆಯೇ ಇಲ್ಲದ ಬೇರೆ ದಂಟು ಗಡ್ಡೆಯಿಂದ ಸೀದಾ ಮೇಲೇಳುತ್ತದೆ. ಹಾಗಾಗಿ ಅದರ ಸುತ್ತ ಗುದ್ದಲಿ ಹಾಕುವುದನ್ನು ನಿಲ್ಲಿಸಿದ್ದೇನೆ, ಕಳೆಯನ್ನು ಕೈಯಲ್ಲೇ ಕೀಳುತ್ತೇನೆ. ಹೋದ ವಾರ ಹೊದಿಕೆ ಸರಿಸಿದಾಗ ಬುಡದಿಂದ ಒಂದು ಅಡಿ ದೂರದಲ್ಲಿ ಹೆಬ್ಬೆರಳು ಗಾತ್ರದ ಒಂದು ಕೆಂಪು ಮೂತಿ ಕಂಡಿತು. ಎಲೆ ಹಿಳ್ಳಿಗಿಂತ ದಪ್ಪ, ತುದಿ ಸ್ವಲ್ಪ ಮೊಂಡು. ಅದರ ಪಕ್ಕ ಒಂದು ಕಡ್ಡಿ ನೆಟ್ಟು, ಹೊದಿಕೆ ಮತ್ತೆ ಮುಚ್ಚಿದ್ದೇನೆ. ಅದಕ್ಕೆ ಗೊಬ್ಬರ ನಿಲ್ಲಿಸಿ ಆಯಿತು. ಸುಗಂಧಿಯ ಹಿಂದಿನ ಸಾಲಿಗೆ ಮಾತ್ರ ನಾಳೆ ಹನ್ನೊಂದನೇ ದಿನ, ಇವತ್ತು ಸಂಜೆ ಬರೀ ನೀರು ಬಿಟ್ಟು ಬರಬೇಕು.