ಜಾಲರಿ ಕನ್ನಡಕ ನನಗೆ ಕಲಿಸಿದ್ದು: ವಾಚ್ ರಿಪೇರಿ ಮೇಜಿನ ಅನುಭವ

ಹಾಸನದ ಕಟ್ಟಿನಕೆರೆ ಮಾರುಕಟ್ಟೆಯ ಬಳಿ 29 ವರ್ಷಗಳಿಂದ ವಾಚ್ ರಿಪೇರಿ ಮಾಡಿಕೊಂಡು ಬಂದಿರುವ ನಾನು, ಕಣ್ಣು ಮಸುಕಾಗಿ ಮೇಜು ಬಿಡುವ ಹಂತಕ್ಕೆ ಬಂದು, ಕಳೆದ ಹದಿನಾಲ್ಕು ತಿಂಗಳಿನಿಂದ ಮತ್ತೆ ಮೊದಲಿನಂತೆ ಕೆಲಸ ಮಾಡುತ್ತಿದ್ದೇನೆ. ಇದಕ್ಕೆ ದಾರಿ ತೋರಿಸಿದ್ದು ಎಲ್ಲರೂ ಮೋಸವೆಂದು ತಳ್ಳಿಹಾಕಿದ್ದ ಜಾಲರಿ ಕನ್ನಡಕ, ಅಂದರೆ ಗಾಜಿನ ಬದಲು ಸಣ್ಣ ತೂತುಗಳಿರುವ ಪಿನ್‌ಹೋಲ್ ಕನ್ನಡಕ. ನನಗೆ ಕಸುಬು ಕಲಿಸಿದ ಹಿರಿಯರು ಅದನ್ನು ನನ್ನ ಮೂಗಿನ ಮೇಲೆ ಕಂಡ ದಿನವೇ, "ತೂತಿನಿಂದ ಕಣ್ಣು ಬರುವ ಹಾಗಿದ್ದರೆ ಡಾಕ್ಟರುಗಳು ಅಷ್ಟು ವರ್ಷ ಏಕಪ್ಪಾ ಓದಬೇಕಿತ್ತು?" ಎಂದಿದ್ದರು. ಅವರ ಮಾತು ಅರ್ಧ ಸರಿ. ಉಳಿದರ್ಧವನ್ನು ನಮ್ಮ ಕಸುಬಿನವರು ಮತ್ತು ಅಕ್ಕಸಾಲಿಗರು ತಿಳಿದಿರಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ನಲವತ್ತೈದು ದಾಟಿದ ಮೇಲೆ ಎಲ್ಲರಿಗೂ ಬರುವಂತೆ ನನಗೂ ಚಾಳೀಸು ಬಂತು. ಸಂತೆಪೇಟೆಯಲ್ಲಿ 120 ರೂಪಾಯಿಗೆ ಕೊಂಡ +2.00ರ ಸಿದ್ಧ ಕನ್ನಡಕದಲ್ಲಿ ಎರಡು ವರ್ಷ ಕಳೆಯಿತು. ಆಮೇಲೆ ಡಯಲಿನ ನಿಮಿಷದ ಗೆರೆಗಳು ಬಲಗಣ್ಣಿಗೆ ಒಂಟಿಯಾಗಿ ಕಾಣುವುದು ನಿಂತು, ಪ್ರತಿ ಗೆರೆಯ ಪಕ್ಕದಲ್ಲೂ ನೆರಳಿನಂತೆ ಇನ್ನೊಂದು ಗೆರೆ ಕಾಣತೊಡಗಿತು. ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ, ಅಂದರೆ ಐಗ್ಲಾಸ್, ಹಾಕಿದಾಗ ಹೇಗೋ ನಡೆಯುತ್ತಿತ್ತು; ಆದರೆ ಐಗ್ಲಾಸ್ ಇಲ್ಲದೆ ಮಾಡುವ ಕೆಲಸವೇ ದಿನದ ಮುಕ್ಕಾಲು ಪಾಲು ಎಂಬುದು ನಿಮಗೆ ಗೊತ್ತು. 2016ರಲ್ಲಿ ಎಚ್‌ಎಂಟಿ ವಾಚು ಕಾರ್ಖಾನೆಗಳು ಮುಚ್ಚಿದ ಮೇಲೆ ಹಳೆಯ ಜನತಾ ವಾಚುಗಳಿಗೆ ಸಂಗ್ರಾಹಕರಿಂದ ಬೇಡಿಕೆ ಬಂದು, ಕೈಯಲ್ಲಿ ಒಳ್ಳೆಯ ಕೆಲಸವಿದ್ದ ಕಾಲ ಅದು. ಅಂಥ ಒಂದು ವಾಚಿನ ಬ್ಯಾಲೆನ್ಸ್ ಚಕ್ರವನ್ನು ಕೂರಿಸುವಾಗ ಅದರ ಅಚ್ಚಿನ ತೆಳು ತುದಿ, ಅಂದರೆ ಪಿವಟ್, ಮುರಿದು, ಗಿರಾಕಿಗೆ ಬೇರೆ ಮೆಷಿನ್ ಹುಡುಕಿಕೊಡಲು ಕೈಯಿಂದ 1,400 ರೂಪಾಯಿ ಹಾಕಿದೆ. ಒಂದೇ ವರ್ಷದಲ್ಲಿ ಹೀಗೆ ಮೂರು ಸಲ ಆಯಿತು.

ನಗರದ ಒಂದು ಅಂಗಡಿಯಲ್ಲಿ ಪರೀಕ್ಷೆ ಮಾಡಿಸಿ, ದೂರದ ಮತ್ತು ಹತ್ತಿರದ ನೋಟ ಒಂದೇ ಗಾಜಿನಲ್ಲಿರುವ ಪ್ರೋಗ್ರೆಸಿವ್ ಕನ್ನಡಕ ಮಾಡಿಸಿದೆ. ಫ್ರೇಮು ಸೇರಿ 7,800 ಆಯಿತು. ಪ್ರೋಗ್ರೆಸಿವ್‌ನಲ್ಲಿ ಹತ್ತಿರದ ನೋಟ ಗಾಜಿನ ಕೆಳಭಾಗದಲ್ಲಿ ಇರುತ್ತದೆ, ಅಲ್ಲಿಗೆ ಇಳಿಯುವ ದಾರಿಯೂ ಕಿರಿದು. ಪುಸ್ತಕ ಓದುವವರು ಕಣ್ಣು ಕೆಳಗಿಳಿಸುತ್ತಾರೆ, ಅವರಿಗೆ ಅದು ಸರಿ. ನಮ್ಮ ಮೇಜು ಎದೆಯೆತ್ತರಕ್ಕಿದ್ದು, ಕೆಲಸ ಹೆಚ್ಚುಕಡಿಮೆ ಗಲ್ಲದ ಮಟ್ಟದಲ್ಲಿ ನಡೆಯುವುದರಿಂದ, ನಾನು ದಿನವಿಡೀ ತಲೆ ಹಿಂದಕ್ಕೆ ಬಾಗಿಸಿ ಗಾಜಿನ ಕೆಳತುದಿಯಿಂದ ಇಣುಕಬೇಕಾಯಿತು. ಕತ್ತು ಹಿಡಿದುಕೊಂಡಿತು. "ಎರಡು ವಾರ ಹಾಕಿಕೊಳ್ಳಿ, ಅಭ್ಯಾಸವಾಗುತ್ತದೆ" ಎಂದರು. ಆರು ವಾರ ಹಾಕಿಕೊಂಡೆ. ಬಲಗಣ್ಣಂತೂ ಕನ್ನಡಕ ಹಾಕಿದರೆ ತೆಗೆದಾಗಿನದಕ್ಕಿಂತ ಕೆಟ್ಟದಾಗಿ ಕಾಣುತ್ತಿತ್ತು. ಅದನ್ನೂ ಅಭ್ಯಾಸದ ಕೊರತೆಯೆಂದೇ ನಂಬಿದೆ. ಅಲ್ಲಿಯೇ 2,200ಕ್ಕೆ ಬೈಫೋಕಲ್ ಮಾಡಿಸಿ, ನೀಲಿ ಬೆಳಕು ತಡೆಯುವ ಲೇಪನಕ್ಕೆ 600 ಕೊಟ್ಟೆ. ಆ ಲೇಪನದಿಂದ ನನ್ನ ಮಸುಕಿಗೆ ಕಾಸಿನಷ್ಟೂ ಪ್ರಯೋಜನವಾಗಲಿಲ್ಲ. ಅಷ್ಟು ಹೊತ್ತಿಗೆ ಮುರಿದ ಪಿವಟ್‌ಗಳ ಲೆಕ್ಕವೂ ಸೇರಿ ಸುಮಾರು ಹದಿನೈದು ಸಾವಿರ ಹೋಗಿತ್ತು.

ಜಾಲರಿ ಕನ್ನಡಕವನ್ನು ತರಿಸಿಕೊಟ್ಟವನು ಅಕ್ಕನ ಮಗ. "ಮಾವ, ಮುನ್ನೂರು ಚಿಲ್ಲರೆ ಅಷ್ಟೇ, ಒಂದು ಸಲ ನೋಡಿ" ಎಂದ. 340 ರೂಪಾಯಿಯ ಕಪ್ಪು ಪ್ಲಾಸ್ಟಿಕ್ಕಿನ ಹಲಗೆ, ಅದರ ತುಂಬ ತೂತು. ದೀಪದ ಕೆಳಗೆ ಅದನ್ನು ಹಾಕಿಕೊಂಡು ಡಯಲ್ ನೋಡಿದಾಗ, ನೆರಳಿನ ಗೆರೆಗಳೆಲ್ಲ ಮಾಯವಾಗಿ ನಿಮಿಷದ ಅರವತ್ತೂ ಗೆರೆಗಳು ಮಸಿಯಲ್ಲಿ ಎಳೆದಂತೆ ಒಂದೊಂದಾಗಿ ಕಂಡವು. ಆ ಕ್ಷಣ ನನ್ನ ಕಣ್ಣಲ್ಲಿ ನೀರು ಬಂದದ್ದು ನಿಜ.

ಪೆಟ್ಟಿಗೆಯ ಮೇಲೆ ದಿನಕ್ಕೆ ಹದಿನೈದು ನಿಮಿಷ ಹಾಕಿಕೊಂಡರೆ ಕಣ್ಣಿನ ನಂಬರು ಇಳಿಯುತ್ತದೆ ಎಂದು ಬರೆದಿತ್ತು. ಮೂರು ತಿಂಗಳು ಬಿಡದೆ ಇಪ್ಪತ್ತು ನಿಮಿಷ ಹಾಕಿಕೊಂಡು, ಪ್ರತಿ ಭಾನುವಾರ ಗೋಡೆಗೆ ಅಂಟಿಸಿದ ಒಂದೇ ಅಕ್ಷರದ ಹಾಳೆಯನ್ನು ಒಂದೇ ಗುರುತಿನಿಂದ ಓದಿ ಬರೆದಿಟ್ಟೆ. ಒಂದು ಸಾಲೂ ಮುಂದೆ ಹೋಗಲಿಲ್ಲ. ತೂತು ಅಂಚಿನ ಕಿರಣಗಳನ್ನು ತಡೆದು ಮಸುಕಿನ ಚುಕ್ಕೆಯನ್ನು ಕಿರಿದು ಮಾಡುತ್ತದೆ, ಅಷ್ಟೇ ಅದರ ಕೆಲಸ. ತೆಗೆದೊಡನೆ ಕಣ್ಣು ಇದ್ದಲ್ಲೇ ಇರುತ್ತದೆ. ಅದನ್ನು ಔಷಧಿಯೆಂದು ಮಾರುವುದು ತಪ್ಪು ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಹಾಕಿಕೊಂಡು ಗಾಡಿ ಓಡಿಸುವುದಂತೂ ಕೂಡದು, ಪಕ್ಕದ ನೋಟವೇ ಇರುವುದಿಲ್ಲ.

ಮೇಜಿನ ಕೆಲಸಕ್ಕೂ ಅದು ನಿಲ್ಲಲಿಲ್ಲ. ಜುಲೈ ತಿಂಗಳ ಒಂದು ಮಧ್ಯಾಹ್ನ, ಸಕಲೇಶಪುರದ ಕಡೆಯ ಮೋಡ ನಮ್ಮ ಮೇಲೂ ಕವಿದು ಕರೆಂಟು ಹೋಗಿದ್ದಾಗ ಹಾಕಿಕೊಂಡರೆ, ಎಲ್ಲವೂ ಕತ್ತಲಾದದ್ದಲ್ಲದೆ ಒಂದೊಂದು ಮುಳ್ಳೂ ಎರಡೆರಡಾಗಿ ಕಂಡಿತು. ಎರಡು ದಿನ ಯೋಚಿಸಿದ ಮೇಲೆ ಹೊಳೆಯಿತು: ಮಬ್ಬಿನಲ್ಲಿ ಕಣ್ಣಿನ ಪಾಪೆ ಅಗಲವಾಗಿ, ಅಕ್ಕಪಕ್ಕದ ಎರಡು ತೂತುಗಳ ಬೆಳಕು ಒಟ್ಟಿಗೆ ಒಳಗೆ ಹೋಗುತ್ತಿತ್ತು. ದೀಪದ ಕೆಳಗೆ ಪಾಪೆ ಕಿರಿದಾಗಿದ್ದುದರಿಂದ ಒಂದೇ ತೂತು ಕೆಲಸ ಮಾಡುತ್ತಿತ್ತು. ನನಗೆ ಉಪಯೋಗಕ್ಕೆ ಬಂದ ವಿಷಯವೆಲ್ಲ ಈ ಎರಡು ಮುಳ್ಳಿನಿಂದಲೇ ಶುರುವಾಯಿತು.

ತೂತು ಕೊರೆಯುವುದು ನಮ್ಮ ಕಸುಬೇ ಆದ್ದರಿಂದ ತೆಳು ಹಿತ್ತಾಳೆ ತಗಡಿನಲ್ಲಿ ಒಂದೊಂದೇ ತೂತಿನ ಬಿಲ್ಲೆಗಳನ್ನು ಮಾಡಿದೆ: 0.5, 0.8, 1.0, 1.2 ಮತ್ತು 2 ಮಿಲಿಮೀಟರ್. ತೂತು ಕಿರಿದಾದಷ್ಟೂ ಚೊಕ್ಕಟವಾಗಿ ಕಾಣಬೇಕೆಂದು ಎಣಿಸಿದ್ದೆ, ಆದರೆ 0.5ರಲ್ಲಿ ಬೆಳಕು ಸಾಲದ್ದಷ್ಟೇ ಅಲ್ಲ, ತೂತಿನ ಅಂಚಿನಲ್ಲಿ ಬೆಳಕೇ ಚದುರಿ ಗೆರೆಗಳು ಮೆತ್ತಗಾದವು. 2ರಲ್ಲಿ ಮಸುಕು ಮರಳಿತು. ಒಳ್ಳೆಯದೆಂದರೆ 1.0ರಿಂದ 1.2. ಆಸ್ಪತ್ರೆಯಲ್ಲಿ ಕಣ್ಣಿಗೆ ಹಿಡಿಯುವ ಪಿನ್‌ಹೋಲ್ ಬಿಲ್ಲೆಯ ತೂತೂ ಸುಮಾರು ಅಷ್ಟೇ ಇರುತ್ತದೆ ಎಂದು ಆಮೇಲೆ ತಿಳಿಯಿತು. ಕೊರೆದ ತೂತಿನ ಅಂಚಿನಲ್ಲಿ ಉಳಿಯುವ ಸಿಬಿರನ್ನು ತೆಗೆಯದಿದ್ದರೆ ಇವೆಲ್ಲವೂ ವ್ಯರ್ಥ. ನಾನು ಅದನ್ನು ಹೇಗೆ ತೆಗೆದು, ಹೊಳೆಯದಂತೆ ಹೇಗೆ ಕಪ್ಪು ಮಾಡುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ; ಅಂಗಡಿಗೆ ಬಂದ ಕಸುಬಿನವರಿಗೆ ತೋರಿಸುತ್ತೇನೆ.

ಆ ಬಿಲ್ಲೆಯ ನಿಜವಾದ ಉಪಯೋಗ ತಿಳಿದದ್ದು ಪಕ್ಕದ ಅಂಗಡಿಯ ಟೈಲರ್ ಅಣ್ಣನಿಂದ. ಅವರೂ ಮಸುಕು ಎನ್ನುತ್ತಿದ್ದರು. 1.2ರ ಬಿಲ್ಲೆ ಹಿಡಿದಾಗ ನನಗೆ ತಿಳಿಯಾದ ಕ್ಯಾಲೆಂಡರಿನ ಅಂಕಿಗಳು ಅವರ ಎಡಗಣ್ಣಿಗೆ ಸ್ವಲ್ಪವೂ ತಿಳಿಯಾಗಲಿಲ್ಲ. ತೂತಿನಿಂದ ತಿಳಿಯಾದರೆ ಅದು ಸಾಮಾನ್ಯವಾಗಿ ಗಾಜಿನಿಂದ ಸರಿಹೋಗುವ ಮಸುಕು, ತಿಳಿಯಾಗದಿದ್ದರೆ ಕಣ್ಣಿನ ಒಳಗೇ ಏನೋ ಇರಬಹುದು ಎಂದರ್ಥ. ಅವರನ್ನು ಒತ್ತಾಯ ಮಾಡಿ ಕಣ್ಣಿನ ಡಾಕ್ಟರ ಬಳಿಗೆ ಕಳಿಸಿದೆ. ಪೊರೆ ಬಂದಿತ್ತು, ಶಸ್ತ್ರಚಿಕಿತ್ಸೆಯಾಗಿ ಈಗ ಸೂಜಿಗೆ ದಾರ ತಾವೇ ಪೋಣಿಸುತ್ತಾರೆ. ನನ್ನ ಮಸುಕು ಗಾಜಿನಿಂದ ಸರಿಹೋಗುವಂಥದ್ದೇ ಎಂದು ಖಚಿತವಾದ ಮೇಲೆ, ಹತ್ತು ಸಾವಿರ ಕೊಟ್ಟ ಗಾಜುಗಳು ಏಕೆ ಕೆಲಸ ಮಾಡಲಿಲ್ಲ ಎಂಬ ಪ್ರಶ್ನೆ ಉಳಿಯಿತು.

ಉತ್ತರ ನನ್ನ ಗೋಡೆಯ ಮೇಲೆಯೇ ಇತ್ತು. ಮುಳ್ಳು ತೆಗೆದ ಒಂದು ಗೋಡೆ ಗಡಿಯಾರದ ಡಯಲಿನ ಮೇಲೆ 12ರಿಂದ 6, 1ರಿಂದ 7, ಹೀಗೆ ಮಧ್ಯದ ಮೂಲಕ ಹಾಯುವ ಆರು ಕಪ್ಪು ಗೆರೆಗಳನ್ನು ಎಳೆದು, ಸಂತೆಯ ಹಳೆಯ +2.00 ಹಾಕಿಕೊಂಡು, ಎಡಗಣ್ಣು ಮುಚ್ಚಿ, ಗೆರೆಗಳೆಲ್ಲ ಕಾಣುವಷ್ಟು ಹತ್ತಿರದಿಂದ ನಿಧಾನವಾಗಿ ಹಿಂದೆ ಸರಿದೆ. ಒಂದೊಂದೇ ಗೆರೆ ಬೂದಿಬಣ್ಣಕ್ಕೆ ತಿರುಗುತ್ತ ಹೋಗಿ, ಕೊನೆಯವರೆಗೂ ಕಪ್ಪಾಗಿ ಉಳಿದದ್ದು 3–9ರ ಗೆರೆ, ಅದರ ಜೊತೆಗೆ ತುಸು ಮಂಕಾಗಿ 2–8. ಉಳಿದ ಗೆರೆಯ ಚಿಕ್ಕ ಅಂಕಿಯನ್ನು 30ರಿಂದ ಗುಣಿಸಿದರೆ ಸಿಲಿಂಡರಿನ (ಒಂದು ದಿಕ್ಕಿನ ಮಸುಕನ್ನು ಮಾತ್ರ ಸರಿಪಡಿಸುವ ಪವರು) ಆಕ್ಸಿಸ್, ಅಂದರೆ ಅದನ್ನು ಕೂರಿಸುವ ಕೋನ, ಸಿಗುತ್ತದೆ ಎಂಬುದು ಕನ್ನಡಕದವರ ಹಳೆಯ ಲೆಕ್ಕ. ಮೂರು ಮೂವತ್ತಲೆ ತೊಂಬತ್ತು, ಎರಡರ ಕಡೆಗೆ ಸ್ವಲ್ಪ ವಾಲಿದ್ದರಿಂದ ಎಂಬತ್ತರ ಆಸುಪಾಸು ಎಂದು ಬರೆದುಕೊಂಡೆ. ಆಮೇಲೆ ಹಳೆಯ ಕಾಗದಗಳನ್ನು ಹುಡುಕಿ ತೆಗೆದರೆ, ಪರೀಕ್ಷೆಯ ಚೀಟಿಯಲ್ಲಿ ಬಲಗಣ್ಣಿಗೆ ಸಿಲಿಂಡರ್ −1.25, ಆಕ್ಸಿಸ್ 80 ಎಂದಿತ್ತು; ಗಾಜಿನ ಆರ್ಡರಿನ ಬಿಲ್ಲಿನಲ್ಲಿ 180 ಎಂದಿತ್ತು. 80ರ ಎಡಕ್ಕೆ 1 ಎಂಬ ಅಂಕಿ ಸೇರಿಕೊಂಡಿತ್ತು. ಗಾಜು ಹೆಚ್ಚುಕಡಿಮೆ ಅಡ್ಡಡ್ಡವಾಗಿ ಕೂತು, ಇದ್ದ ದೋಷವನ್ನು ಕಳೆಯುವ ಬದಲು ಸುಮಾರು ಇಮ್ಮಡಿ ಮಾಡಿತ್ತು. ಬೈಫೋಕಲ್ಲಿಗೂ ಅದೇ ಬಿಲ್ಲನ್ನು ನೋಡಿ ಬರೆದಿದ್ದರು. ಎರಡೂ ಚೀಟಿ ಹಿಡಿದುಕೊಂಡು ಹೋದಾಗ ಅವಧಿ ಮೀರಿದೆ ಎಂದು ಹೇಳಿ ಕಳಿಸಿದರು. ಆ ನೋವು ನನಗೆ ಇನ್ನೂ ಇದೆ.

ಇನ್ನೊಂದು ತಪ್ಪು ಅವರದಲ್ಲ, ಹೇಳದೆ ಇದ್ದ ನನ್ನದು. ಹತ್ತಿರದ ನೋಟವನ್ನು ಪರೀಕ್ಷಿಸುವಾಗ ಅಕ್ಷರದ ಕಾರ್ಡನ್ನು ಸುಮಾರು 40 ಸೆಂಟಿಮೀಟರಿನಲ್ಲಿ ಹಿಡಿಸುತ್ತಾರೆ. ನಮ್ಮ ಕೆಲಸ ಅಷ್ಟು ದೂರದಲ್ಲಿ ನಡೆಯುವುದೇ ಇಲ್ಲ. ನನ್ನ ಕಣ್ಣಿನಿಂದ ವಾಚಿನ ಮೆಷಿನ್ ಹಿಡಿಯುವ ಮೂವ್‌ಮೆಂಟ್ ಹೋಲ್ಡರಿಗೆ ಟೇಪು ಹಿಡಿದು ಅಳೆಸಿದಾಗ 26 ಬಂತು. ನನ್ನ ಕಣ್ಣು ನಿಜವಾಗಿ ಎಲ್ಲಿ ಕೂಡಿಕೊಳ್ಳುತ್ತದೆ, ಅಂದರೆ ಯಾವ ದೂರದಲ್ಲಿ ಚೊಕ್ಕಟವಾಗಿ ನೋಡುತ್ತದೆ ಎಂದು ತಿಳಿಯಲು ಜುಲೈ ತಿಂಗಳ ಆ ಎರಡು ಮುಳ್ಳುಗಳನ್ನೇ ಬಳಸಿದೆ. ಬಿಲ್ಲೆಯಲ್ಲಿ ಎರಡೂವರೆ ಮಿಲಿಮೀಟರ್ ಅಂತರದಲ್ಲಿ ಎರಡು ಸಣ್ಣ ತೂತು ಕೊರೆದು, ಅದರ ಮೂಲಕ ಒಂದು ಸೂಜಿಯನ್ನು ನೋಡುತ್ತ ಹಿಂದೆ ಮುಂದೆ ಸರಿಸಿದರೆ, ಕಣ್ಣು ಕೂಡಿಕೊಂಡ ಜಾಗದಲ್ಲಿ ಸೂಜಿ ಒಂದಾಗಿ, ಉಳಿದೆಡೆ ಎರಡಾಗಿ ಕಾಣುತ್ತದೆ. ಇದು ನನ್ನ ಆವಿಷ್ಕಾರವೆಂದು ಹೆಮ್ಮೆಪಟ್ಟಿದ್ದೆ. ಜರ್ಮನಿಯ ಕ್ರಿಸ್ಟೋಫ್ ಶೈನರ್ 1619ರಲ್ಲೇ ಇದನ್ನು ಬರೆದಿಟ್ಟಿದ್ದಾರೆಂದು ಆಮೇಲೆ ಓದಿ ತಿಳಿದೆ. ಎರಡು ತೂತುಗಳನ್ನು ಅಡ್ಡಕ್ಕೆ ಹಿಡಿಯಬೇಕೋ, ಉದ್ದಕ್ಕೋ, ಓರೆಗೋ ಎಂಬುದರಲ್ಲಿ ಒಂದು ಗುಟ್ಟಿದೆ, ಸಿಲಿಂಡರ್ ಇರುವವರಿಗೆ ಅದು ಮುಖ್ಯ. ಅದನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

+2.00 ಹಾಕಿಕೊಂಡಾಗ ಸೂಜಿ ಒಂದಾದದ್ದು 34 ಸೆಂಟಿಮೀಟರಿನ ಹತ್ತಿರ. ದೂರದ ಸೆಂಟಿಮೀಟರಿನಿಂದ ನೂರನ್ನು ಭಾಗಿಸಿದರೆ ಆ ದೂರಕ್ಕೆ ಬೇಕಾಗುವ ನಂಬರು ಸಿಗುತ್ತದೆ: 34ರಿಂದ ಭಾಗಿಸಿದರೆ ಮೂರಕ್ಕೆ ಸ್ವಲ್ಪ ಕಡಿಮೆ, 26ರಿಂದ ಭಾಗಿಸಿದರೆ 3.85, ಅಂದರೆ ನನಗೆ ಬೇಕಾದದ್ದು +2.00ಕ್ಕಿಂತ ಹೆಚ್ಚುಕಡಿಮೆ ಒಂದು ನಂಬರು ಹೆಚ್ಚು. ಈ ಲೆಕ್ಕವನ್ನು ಹಿಡಿದು ಬೇರೊಬ್ಬ ಕಣ್ಣು ಪರೀಕ್ಷಕರ ಬಳಿ ಹೋದೆ. ಹುಡುಗ ವಯಸ್ಸಿನವರು, ನಗಲಿಲ್ಲ. ಪ್ರಯೋಗದ ಫ್ರೇಮಿನಲ್ಲಿ ಗಾಜು ಹಾಕಿ, ನನ್ನ ಹೋಲ್ಡರನ್ನೇ 26ಕ್ಕೆ ಹಿಡಿಸಿ ನೋಡಿದ ಮೇಲೆ, "ನಿಮ್ಮ ಲೆಕ್ಕಕ್ಕೂ ನನ್ನ ಲೆಕ್ಕಕ್ಕೂ ಕಾಲು ನಂಬರಿನ ವ್ಯತ್ಯಾಸ ಅಷ್ಟೇ, ಸರ್" ಎಂದರು. ತಗಡಿನ ಬಿಲ್ಲೆ ಮತ್ತು ಸೂಜಿಯಿಂದ ಅಷ್ಟು ಹತ್ತಿರ ಬಂದೆನೆಂಬ ಸಂತೋಷ ನನಗೆ ಇವತ್ತಿಗೂ ಇದೆ. ಕೊನೆಗೆ ಬಂದ ನಂಬರು ಬಲಕ್ಕೆ +3.50, ಸಿಲಿಂಡರ್ −1.25, ಆಕ್ಸಿಸ್ 80, ಎಡಕ್ಕೆ +3.00. ಪ್ರೋಗ್ರೆಸಿವ್ ಅಲ್ಲ, ಬೈಫೋಕಲ್ ಅಲ್ಲ, ಇಡೀ ಗಾಜು ಮೇಜಿಗಾಗಿಯೇ.

ಅವರು ಹೇಳಿದ ಇನ್ನೊಂದು ವಿಷಯ ನನ್ನ ಹಳೆಯ ತಲೆನೋವಿಗೂ ಉತ್ತರವಾಯಿತು. ನನ್ನ ಎರಡು ಪಾಪೆಗಳ ನಡುವಿನ ಅಂತರ ದೂರ ನೋಡುವಾಗ 64 ಮಿಲಿಮೀಟರ್. 26 ಸೆಂಟಿಮೀಟರಿನಲ್ಲಿ ಕೆಲಸ ಮಾಡುವಾಗ ಕಣ್ಣುಗಳು ಒಳಕ್ಕೆ ತಿರುಗುವುದರಿಂದ ಗಾಜಿನ ಕೇಂದ್ರಗಳು 58ರಲ್ಲಿ ಇರಬೇಕು. 64ಕ್ಕೇ ಕೂರಿಸಿದರೆ, ಇಷ್ಟು ಪವರಿನಲ್ಲಿ, ಕಣ್ಣುಗಳು ಒಳಕ್ಕೆ ಇನ್ನೂ ಹೆಚ್ಚು ತಿರುಗಲು ಹೆಣಗಬೇಕಾಗುತ್ತದೆ. ಸಿದ್ಧ ಕನ್ನಡಕ ಹಾಕಿ ಸಂಜೆಯ ಹೊತ್ತಿಗೆ ಹುಬ್ಬಿನ ಮೇಲೆ ನೋಯುವವರು ಮೊದಲು ಇದನ್ನು ನೋಡಿಕೊಳ್ಳಬೇಕು. ಹಳೆಯ ಫ್ರೇಮಿಗೇ ಸಾದಾ ಪ್ಲಾಸ್ಟಿಕ್ ಗಾಜು ಹಾಕಿಸಿದ್ದರಿಂದ ಖರ್ಚು 1,150 ಆಯಿತು. ಗಾಜು ಬಂದ ದಿನ ಗಾಜಿನ ನಂಬರು ಅಳೆಯುವ ಲೆನ್ಸೋಮೀಟರಿನಲ್ಲಿ ಆಕ್ಸಿಸ್ ಅನ್ನು ನನ್ನ ಕಣ್ಣೆದುರೇ ನೋಡಿಸಿಕೊಂಡು ಹಣ ಕೊಟ್ಟೆ. ನೀವೂ ಹಾಗೆಯೇ ಮಾಡಿ, ಸಂಕೋಚ ಪಡಬೇಡಿ.

ಈ ನಡುವೆ ಮಾಡಿದ ಕೆಲವು ಪ್ರಯೋಗಗಳನ್ನೂ ಹೇಳಿಬಿಡುತ್ತೇನೆ. ಹಳದಿ ಗಾಜಿನಲ್ಲಿ ಹಿತ್ತಾಳೆಯ ಚಕ್ರಗಳು ಚೆನ್ನಾಗಿ ಕಂಡಂತೆ ಅನ್ನಿಸಿದರೂ ಕೂದಲಿನಂಥ ಬಿರುಕು ಒಂದೂ ಹೆಚ್ಚಾಗಿ ಕಾಣಲಿಲ್ಲ. 250 ರೂಪಾಯಿ ದಂಡ. ಎರಡು ಬ್ಲೇಡುಗಳ ನಡುವೆ ಮಿಲಿಮೀಟರಿನಷ್ಟು ಸೀಳು ಬಿಟ್ಟು ಕಣ್ಣೆದುರು ತಿರುಗಿಸಿದರೆ ಸಿಲಿಂಡರ್ ಇರುವ ಕಣ್ಣಿಗೆ ಒಂದು ದಿಕ್ಕಿನಲ್ಲಿ ತಿಳಿಯಾಗಿ, ಇನ್ನೊಂದರಲ್ಲಿ ಮಸುಕಾಗುತ್ತದೆ. ಆದರೂ ಗಡಿಯಾರದ ಗೆರೆಗಳಷ್ಟು ಸುಲಭವಾಗಿ ಲೆಕ್ಕ ಸಿಗಲಿಲ್ಲ. ಎಲ್ಲಕ್ಕಿಂತ ಅಗ್ಗವಾಗಿ ಫಲ ಕೊಟ್ಟದ್ದು ದೀಪ. ಎರಡು ಅಡಿ ಮೇಲಿದ್ದ ದೀಪವನ್ನು ಒಂದು ಅಡಿಗೆ ಇಳಿಸಿದಾಗ ಬೆಳಕು ನಾಲ್ಕು ಪಟ್ಟಾಗಿ ಪಾಪೆ ಕಿರಿದಾಯಿತು, ಕಿರಿದಾದ ಪಾಪೆಯೂ ಒಂದು ಪಿನ್‌ಹೋಲೇ. ಅಮೆರಿಕದಲ್ಲಿ 2021ರಲ್ಲಿ ಚಾಳೀಸಿಗೆಂದು ಒಪ್ಪಿಗೆ ಪಡೆದ ಪೈಲೋಕಾರ್ಪೈನ್ ಹನಿ ಪಾಪೆಯನ್ನು ಕಿರಿದು ಮಾಡಿಯೇ ಕೆಲಸ ಮಾಡುತ್ತದೆ. ನಾನು ಹನಿಯ ತಂಟೆಗೆ ಹೋಗಿಲ್ಲ, ದೀಪದ ಕೈಯನ್ನು ಬಗ್ಗಿಸಿಕೊಂಡೆ.

ಈಗ ದಿನಕ್ಕೆ ಐದಾರು ಸರ್ವಿಸ್ ಆರಾಮವಾಗಿ ಮುಗಿಯುತ್ತದೆ, ಹದಿನಾಲ್ಕು ತಿಂಗಳಲ್ಲಿ ಮುರಿದ ಪಿವಟ್ ಒಂದೇ ಒಂದು. ಕನ್ನಡಕ ಹಾಕಿ ತಲೆಯೆತ್ತಿದರೆ ಎದುರು ನಿಂತ ಗಿರಾಕಿಯ ಮುಖ ಮಸುಕು, ಅದಕ್ಕೆ ಮೂಗಿನ ತುದಿಗೆ ಜಾರುವ ಅರ್ಧ ಫ್ರೇಮಿನಲ್ಲಿ ಇದೇ ಪವರನ್ನು ಹಾಕಿಸಲು ಕೊಟ್ಟಿದ್ದೇನೆ. ಕಸುಬು ಕಲಿಸಿದ ಹಿರಿಯರು ಹೋದ ವಾರ ಅಂಗಡಿಗೆ ಬಂದು, ನನ್ನ 1.2ರ ಬಿಲ್ಲೆಯನ್ನು ಕಣ್ಣಿಗೆ ಹಿಡಿದು ಡಯಲನ್ನು ಬಹಳ ಹೊತ್ತು ನೋಡಿದರು. ಅವರ ಮೇಜಿಗೆ ಟೇಪು ಹಿಡಿದು ಅಳೆದುಕೊಂಡು ಬಂದಿದ್ದೇನೆ, 28 ಸೆಂಟಿಮೀಟರ್.