ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊ: ಅಪ್ಪ-ಅಮ್ಮನ ಟಿಕೆಟ್ ಮಾಡಿಸುವ ಮೊದಲು

ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾಗೆ ಹೊಸದಾಗಿ ಬಂದವರು ನನ್ನನ್ನು ಮೊದಲು ಕೇಳುವುದೇ ಇದು: ಎಷ್ಟು ದೂರ, ಎಷ್ಟು ಹೊತ್ತು? ದೇವನಹಳ್ಳಿಯಿಂದ ಇಲ್ಲಿಗೆ ಅತಿ ಹತ್ತಿರದ ದಾರಿ ಸುಮಾರು 14,000 ಕಿ.ಮೀ. ಗ್ಲೋಬಿನ ಮೇಲೆ ದಾರ ಇಟ್ಟು ನೋಡಿ. ಸೈಬೀರಿಯಾದ ಕಡೆ ಹತ್ತಿ, ಆರ್ಕ್ಟಿಕ್ ವೃತ್ತ ದಾಟಿ, ಅಲಾಸ್ಕದ ಮೇಲಿಂದ ಇಳಿಯುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಉತ್ತರ ಧ್ರುವದ ಮೇಲೆ ಹಾದು ಇಲ್ಲಿಂದ ಬೆಂಗಳೂರಿಗೆ ನೇರ ಹಾರಿದಾಗ ಹಿಡಿದದ್ದು ಸುಮಾರು 17 ಗಂಟೆ.

ಆದರೆ ನಮ್ಮಲ್ಲಿ ಹೆಚ್ಚಿನವರು ಬರುವುದು ಒಂದು ಕಡೆ ಇಳಿದು ಹತ್ತಿ. ದುಬೈ, ಫ್ರಾಂಕ್‌ಫರ್ಟ್, ಸಿಂಗಪುರ, ಯಾವ ದಾರಿ ಹಿಡಿದರೂ ಹಾರುವ ಹೊತ್ತು 20 ಗಂಟೆಯ ಆಸುಪಾಸು. ವ್ಯತ್ಯಾಸ ಇರುವುದು ಆ ಹೊತ್ತು ಹಂಚಿಹೋಗುವ ರೀತಿಯಲ್ಲಿ. ದುಬೈ ಮೇಲೆ ಬಂದರೆ 4 ಗಂಟೆ, ಆಮೇಲೆ ಒಂದೇ ಸಮ 16 ಗಂಟೆ. ಫ್ರಾಂಕ್‌ಫರ್ಟ್ ಮೇಲೆ ಹೆಚ್ಚುಕಡಿಮೆ ಅರ್ಧರ್ಧ. ಮಂಡಿನೋವು ಇರುವವರಿಗೆ ಎರಡನೆಯದೇ ವಾಸಿ ಎಂದು ನಾನು ಹೇಳುತ್ತೇನೆ.

ಮೊದಲ ವರ್ಷ ನಾನು ಬರೀ ದರ ನೋಡಿ, ಎರಡು ಕಡೆ ಇಳಿಯುವ ಟಿಕೆಟ್ ಮಾಡಿಸಿದೆ. ಮೈಸೂರಿನ ಮನೆ ಬಿಟ್ಟಲ್ಲಿಂದ ಇಲ್ಲಿಯ ಬಾಗಿಲು ತಟ್ಟುವವರೆಗೆ 43 ಗಂಟೆ. ಅಪ್ಪ ಹೊರಗೆ ಬಂದಾಗ ಶೂ ಕೈಯಲ್ಲಿತ್ತು. ಕಾಲು ಊದಿ ಪಾದ ಒಳಗೆ ಹೋಗುತ್ತಿರಲಿಲ್ಲ. "ಏನಿಲ್ಲ ಬಿಡೋ" ಅಂದರು. ಆ ಟಿಕೆಟ್ಟಿನಲ್ಲಿ ಉಳಿಸಿದ ದುಡ್ಡು ನೆನೆದರೆ ಈಗಲೂ ಸಂಕಟವಾಗುತ್ತದೆ.

ಹಾಗಾಗಿ ಮನೆಯಿಂದ ಮನೆಗೆ ಲೆಕ್ಕ ಹಾಕಿ. ಮೈಸೂರಿಂದ ಫ್ಲೈಬಸ್ಸಿನ ನಾಲ್ಕೈದು ಗಂಟೆ, ವಿಮಾನಕ್ಕೆ ಮುಂಚೆ ಮೂರು ಗಂಟೆ, ಇಲ್ಲಿಯ ಇಮಿಗ್ರೇಷನ್ ಸಾಲು, ಎಲ್ಲ ಸೇರಬೇಕು. ನ್ಯೂಯಾರ್ಕಿನಲ್ಲೋ ಷಿಕಾಗೋದಲ್ಲೋ ಇಳಿದು ಬದಲಿಸುವುದಾದರೆ ಇಮಿಗ್ರೇಷನ್ ಅಲ್ಲೇ ಮುಗಿಯಬೇಕು, ಸೂಟ್‌ಕೇಸ್ ತೆಗೆದುಕೊಂಡು ಮತ್ತೆ ಒಪ್ಪಿಸಬೇಕು. ಅಲ್ಲಿ ಮೂರು ಗಂಟೆಗಿಂತ ಕಡಿಮೆ ಬಿಡುವು ಬೇಡ. ಟಿಕೆಟ್ ಮಾಡಿಸುವಾಗಲೇ ವೀಲ್‌ಚೇರ್ ಕೇಳಿಬಿಡಿ. ಸಂಕೋಚಕ್ಕೆ ಬೇಡ ಅಂದಾರು, ನೀವೇ ಹಾಕಿಸಿ.

ತಾರೀಖಿನಲ್ಲಿ ಹೊಸಬರು ಎಡವುವುದು ಹೆಚ್ಚು. ನಮಗಿಂತ ಊರು ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಮುಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಅಲ್ಲಿಂದ ಶನಿವಾರ ಬೆಳಗಿನ ಜಾವ ಹೊರಟವರು ಇಲ್ಲಿ ಶನಿವಾರವೇ ಇಳಿಯುತ್ತಾರೆ. ಇಲ್ಲಿಂದ ಶುಕ್ರವಾರ ರಾತ್ರಿ ಹೊರಟರೆ ಬೆಂಗಳೂರು ಮುಟ್ಟುವುದು ಭಾನುವಾರ. ತಂಗಿಯ ಧಾರೆ ಭಾನುವಾರ ಬೆಳಿಗ್ಗೆ ಇದ್ದರೆ ಬುಧವಾರವೇ ಹೊರಡಿ.

ಅಮ್ಮನ ಕೈಚೀಲದಲ್ಲಿ ನಿಮ್ಮ ವಿಳಾಸ, ಫೋನ್ ನಂಬರು ದಪ್ಪಕ್ಷರದಲ್ಲಿ ಬರೆದ ಚೀಟಿ ಇರಲಿ. ಮಾತ್ರೆಗಳೂ ಅದರಲ್ಲೇ. ಉಪ್ಪಿನಕಾಯಿ ಮಾತ್ರ ದೊಡ್ಡ ಸೂಟ್‌ಕೇಸಿಗೆ.