ಮಾಶೋನ ಒಂದು ಹಾಡನ್ನು ನಾನು ಕಲಿತ ಬಗೆ

ಕರ್ನಾಟಕ ಸಂಗೀತದಲ್ಲಿ ಪಳಗಿದ ನನ್ನ ಕಂಠಕ್ಕೆ ಹದಿನಾಲ್ಕನೆಯ ಶತಮಾನದ ಫ್ರೆಂಚ್ ಹಾಡೊಂದನ್ನು ಒಗ್ಗಿಸುವುದು ಸುಲಭವೆಂದೇ ನಾನು ಭಾವಿಸಿದ್ದೆ. ನಾನು ಆರಿಸಿಕೊಂಡದ್ದು ರೀಮ್ಸ್ ಪಟ್ಟಣದ ಕವಿ ಹಾಗೂ ವಾಗ್ಗೇಯಕಾರ ಗೀಯೋಮ್ ದ ಮಾಶೋನ 'ದೂಸ್ ದಾಮ್ ಜೊಲೀ'. 1377ರಲ್ಲಿ ತೀರಿಕೊಂಡ ಈತ ಚರ್ಚಿನ ಅಧಿಕಾರಿಯಾಗಿದ್ದರೂ ಪ್ರೇಮಗೀತೆಗಳನ್ನು ಧಾರಾಳವಾಗಿ ರಚಿಸಿದವನು. ಈ ಹಾಡು 'ವಿರ್‌ಲೇ' ಎಂಬ, ಪಲ್ಲವಿ ಮರಳಿ ಮರಳಿ ಬರುವ ಹಾಡುಗಳ ಜಾತಿಗೆ ಸೇರಿದ್ದು. ಇದರಲ್ಲಿರುವುದು ಒಂದೇ ದನಿಯ ಧಾತು (ಹಾಡಿನ ಮಟ್ಟು), ಅದಕ್ಕೆ ಬರೆದಿಟ್ಟ ಪಕ್ಕವಾದ್ಯವಿಲ್ಲ. ಧ್ವನಿಮುದ್ರಿಕೆಗಳಲ್ಲಿ ಕೇಳಿಬರುವ ತಮಟೆ, ಪಿಟೀಲುಗಳೆಲ್ಲ ಈಚಿನವರ ಸೇರ್ಪಡೆ.

ಧಾತು ಎರಡೇ ದಿನದಲ್ಲಿ ಕೈಗೆ ಬಂತು, ಆದರೆ ಸಾಹಿತ್ಯ ಅದರ ಮೇಲೆ ಕೂರಲಿಲ್ಲ. ಇಂದಿನ ಫ್ರೆಂಚನ್ನು ಬಲ್ಲ ನಾನು ಮೊದಲ ಸಾಲನ್ನು ಇಂದಿನವರಂತೆ 'ದೂಸ್ ದಾಮ್ ಜೊ-ಲೀ' ಎಂದು ನಾಲ್ಕೇ ಅಕ್ಷರಗಳಲ್ಲಿ ಮುಗಿಸುತ್ತಿದ್ದೆ. ಮಿಕ್ಕ ಸ್ವರಗಳು ಅನಾಥವಾಗುತ್ತಿದ್ದವು. ಆ ಕೊರತೆ ತುಂಬಲು ನಮ್ಮ ಅಭ್ಯಾಸದಂತೆ ಸ್ವರಗಳನ್ನು ತೂಗಿ ಬಳುಕಿಸುವ ಗಮಕ ಹಾಕಿದೆ. ಆಗ ಹಾಡು ಹಾಡಾಗಿ ಉಳಿಯದೆ ಅರೆಬೆಂದ ಆಲಾಪನೆಯಾಯಿತು. ಮಾಶೋನ ಕಾಲದ ಹಾಡಿಕೆಯಲ್ಲಿ ಪದಗಳ ಕೊನೆಯ 'ಎ' ಮೂಕವಲ್ಲ, ಅದಕ್ಕೂ ತನ್ನದೇ ಸ್ವರವುಂಟು. 'ದೂ-ಸ ದಾ-ಮ ಜೊ-ಲೀ-ಅ' ಎಂದು ಏಳು ಅಕ್ಷರಗಳನ್ನು ಕನ್ನಡ ಲಿಪಿಯಲ್ಲಿ ಸ್ವರಗಳ ಕೆಳಗೆ ಬರೆದುಕೊಂಡ ಮೇಲೆ ಲಯ ತಾನಾಗಿಯೇ ನೆಟ್ಟಗಾಯಿತು.

ಪ್ರಾಸದ ಚೆಲುವು ಕಿವಿಗೆ ಬಿದ್ದದ್ದೂ ಆಗಲೇ. 'ತ್ರಿಶೆರೀ' ಎಂದು ಸಾಲು ಮುಗಿದೊಡನೆ 'ಶೆರೀ' ಎಂಬ ಒಂಟಿಪದದ ಸಾಲು ಅದರ ಬಾಲವನ್ನೇ ಹಿಡಿದು ಮರುದನಿಗೊಡುತ್ತದೆ. ಮೊದಲನೆಯದು ಮೋಸ, ಎರಡನೆಯದು ಪ್ರೀತಿಯ ಮಾತು. ಕವಿ ಒಂದರೊಳಗಿಂದ ಇನ್ನೊಂದನ್ನು ತೆಗೆದಿದ್ದಾನೆ. ಮುಂದಿನ ನುಡಿಯಲ್ಲಿ 'ಕೊಂತ್ರಲೀ' ಎಂಬುದರ ಹಿಂದೆಯೇ 'ಎ ಲೀ' ಎಂದು ಅದೇ ಆಟ ನಡೆಯುತ್ತದೆ. ಅಂತ್ಯಪ್ರಾಸವನ್ನು ಕೇಳಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಾಡಿನ ರಚನೆಯೂ ನಮಗೆ ತೀರ ಅಪರಿಚಿತವಲ್ಲ. ಮೊದಲು ಪಲ್ಲವಿಯಂಥ ಭಾಗ, ಬಳಿಕ ಬೇರೊಂದು ಧಾತುವಿನಲ್ಲಿ ಎರಡು ಸಲ ಬರುವ ತುಣುಕು, ಆಮೇಲೆ ಪಲ್ಲವಿಯ ಧಾತುವಿನಲ್ಲೇ ಹೊಸ ಮಾತು, ಕೊನೆಗೆ ಪಲ್ಲವಿ. ನಮ್ಮ ಕೃತಿಗಳಲ್ಲೂ ಚರಣದ ಕೊನೆ ಎಷ್ಟೋ ಕಡೆ ಅನುಪಲ್ಲವಿಯ ಧಾತುವನ್ನೇ ಹಿಡಿಯುವುದಷ್ಟೆ. ಆದರೆ ಇಲ್ಲಿ ಮರಳಿ ಬರುವುದು ಪಲ್ಲವಿಯ ಧಾತು. ಮೂರು ನುಡಿಗಳಿರುವ ಈ ಹಾಡಿನಲ್ಲಿ ಆ ಧಾತು ಏಳು ಸಲ ಕೇಳಿಸುತ್ತದೆ. ಬೇಸರವಾಗದೇ ಎಂದರೆ, ಮಾತು ಬದಲಾದಾಗ ಧಾತುವಿನ ಬಣ್ಣವೂ ಬದಲಾಗುತ್ತದೆ: 'ಸವಿಮನದ ಚೆಲುವೆಯೇ' (ದೂಸ್ ದಾಮ್ ಜೊಲೀ) ಎಂದು ಓಲೈಸಿದ ಸ್ವರಗಳೇ ಸ್ವಲ್ಪ ಹೊತ್ತಿನಲ್ಲಿ 'ಅಯ್ಯೋ, ಭರವಸೆಯನ್ನೂ ನೆರವನ್ನೂ ಬೇಡುತ್ತಿದ್ದೇನೆ' ಎಂದು ಗೋಗರೆಯುತ್ತವೆ. ಎರಡನ್ನೂ ಒಂದೇ ನಗುಮುಖದಲ್ಲಿ ಕುಣಿತದ ಓಟಕ್ಕೆ ಹಾಡುವವರನ್ನು ಕಂಡರೆ ನನಗೆ ಒಪ್ಪಿಗೆಯಾಗುವುದಿಲ್ಲ.

ಗೆಳತಿಯ ಮನೆಯಲ್ಲಿ ಮೊದಲ ಸಲ ಹಾಡಿದಾಗ ಎಡವಿದ್ದೂ ಇಲ್ಲಿಯೇ. ಎರಡನೆಯ ನುಡಿಯಲ್ಲಿ ಹೊಸ ಮಾತು ಬರಬೇಕಾದಲ್ಲಿ, ಧಾತು ಒಂದೇ ಆದ್ದರಿಂದ, ಬಾಯಿ ತಾನಾಗಿ 'ದೂಸ' ಎಂದುಬಿಟ್ಟಿತು. ಅಂದಿನಿಂದ ಆ ಸಾಲುಗಳನ್ನು ಧಾತುವಿಲ್ಲದೆ, ತಾಳ ಹಾಕುತ್ತ ಬರಿಯ ಮಾತಾಗಿ ಹತ್ತು ಸಲ ಹೇಳಿಕೊಂಡ ಮೇಲೆಯೇ ಹಾಡಲು ಕೂರುತ್ತೇನೆ.